ಹಗುರ ಸ್ಪೀಕರ್ ಕೊಳ್ಳುವ ಮೊದಲು ಮೈಕಿನ ಕಡೆ ನೋಡಿ

ಪ್ರಶ್ನೆ: ನಾನು ಕರ್ನಾಟಕ ಸಂಗೀತದ ಗಾಯಕಿ. ಐದು ಮನೆ ಶ್ರುತಿ. ಪಿಟೀಲು, ಮೃದಂಗ ಸೇರಿ ನಮ್ಮದು ಮೂವರ ತಂಡ. 60ರಿಂದ 150 ಜನ ಕೂರುವ ಸಣ್ಣ ಸಭಾಂಗಣ, ದೊಡ್ಡ ಕೋಣೆ, ಒಮ್ಮೊಮ್ಮೆ ತೆರೆದ ಅಂಗಳ, ಇಂಥ ಕಡೆಗಳಲ್ಲಿ ಹಾಡುತ್ತೇವೆ. ಬಾಡಿಗೆ ಧ್ವನಿವ್ಯವಸ್ಥೆಯ ಕಾಟ ತಾಳಲಾರದೆ ಎರಡು ವರ್ಷದ ಹಿಂದೆ 12 ಇಂಚಿನ ಒಂದು ಪೆಟ್ಟಿಗೆ ಸ್ಪೀಕರ್ ಕೊಂಡೆವು. ಅದರ ತೂಕ 18 ಕಿಲೋ. ನಾನು ಮಂದ್ರಕ್ಕೆ ಇಳಿದರೆ ಧ್ವನಿ ಗುಂಯ್‌ಗುಡುತ್ತದೆ, ಮೃದಂಗ ಡಬಡಬ ಎನ್ನುತ್ತದೆ, ಸ್ವಲ್ಪ ಜೋರು ಮಾಡಿದರೆ ಮೈಕ್ ಶಿಳ್ಳೆ ಹಾಕುತ್ತದೆ. ಪಿಟೀಲಿನವರಿಗೆ ತಮ್ಮ ನಾದವೇ ಕೇಳುವುದಿಲ್ಲ. ಜೊತೆಗೆ ನನಗೆ ಬೆನ್ನುನೋವು. ಅಂಗಡಿಯವರು 1000 ವ್ಯಾಟ್‌ನದು ತೆಗೆದುಕೊಳ್ಳಿ, ಎಲ್ಲವೂ ಸರಿಹೋಗುತ್ತದೆ ಎನ್ನುತ್ತಾರೆ. ಸ್ನೇಹಿತರೊಬ್ಬರು ಕಂಬದಂಥ ಕಾಲಂ ಸ್ಪೀಕರ್ ತೆಗೆದುಕೊಂಡು ಬೆನ್ನ ಹಿಂದೆ ಇಟ್ಟರೆ ಶಿಳ್ಳೆಯೂ ಇಲ್ಲ, ಹಾಡುವವರಿಗೆ, ನುಡಿಸುವವರಿಗೆ ತಮ್ಮ ನಾದ ಕೇಳಿಸಲು ಇಡುವ ಮಾನಿಟರ್ ಸ್ಪೀಕರೂ ಬೇಡ ಎನ್ನುತ್ತಾರೆ. ಬ್ಯಾಟರಿ, ಬ್ಲೂಟೂತ್ ಇರುವುದು ಒಳ್ಳೆಯದೇ? ಒಟ್ಟು 12 ಕಿಲೋ ಮೀರದಂತೆ ಯಾವುದನ್ನು ಕೊಳ್ಳಬಹುದು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳು ಹೆಣೆದುಕೊಂಡಿವೆ. ಒಂದು ಬೆನ್ನಿನದು, ಇನ್ನೊಂದು ನಾದದ್ದು. ಹಗುರವಾದ ಸ್ಪೀಕರ್ ಮೊದಲನೆಯದನ್ನು ನೀಗಿಸುತ್ತದೆ. ಎರಡನೆಯದಕ್ಕೂ ಸ್ಪೀಕರಿನ ತೂಕಕ್ಕೂ ಸಂಬಂಧ ಬಹಳ ಕಡಿಮೆ. ಈಗಿರುವ ಪೆಟ್ಟಿಗೆಯ ಜಾಗದಲ್ಲಿ ಅದರ ಅರ್ಧ ತೂಕದ, ಎರಡರಷ್ಟು ಬೆಲೆಯದನ್ನು ತಂದಿಟ್ಟರೂ ಅದೇ ಗುಂಯ್‌ಗುಡುವಿಕೆ, ಅದೇ ಶಿಳ್ಳೆ ಮರಳಿ ಬರಬಹುದು. ಹೊಸ ಪೆಟ್ಟಿಗೆ ಹೊತ್ತು ತಂದು, ಹಳೆಯ ರೋಗವೇ ಕಂಡು ಕಣ್ಣಲ್ಲಿ ನೀರು ತಂದುಕೊಂಡ ಕಲಾವಿದರನ್ನು ನಾನು ಕಂಡಿದ್ದೇನೆ. ಆದ್ದರಿಂದ ಮೊದಲು ನಾದದ ವಿಷಯ, ಆಮೇಲೆ ತೂಕದ್ದು.

1000 ವ್ಯಾಟಿನ ಮಾತನ್ನು ತೆಗೆದುಕೊಳ್ಳೋಣ. ವ್ಯಾಟ್ ಎಂಬುದು ಆಂಪ್ಲಿಫೈಯರ್ ಕೊಡಬಲ್ಲ ವಿದ್ಯುತ್ತಿನ ಅಳತೆ, ನಾದದ ಅಳತೆಯಲ್ಲ. ಪೆಟ್ಟಿಗೆಯ ಮೇಲೆ ಅಚ್ಚಾದ ದೊಡ್ಡ ಸಂಖ್ಯೆ ಹೆಚ್ಚಿನ ವೇಳೆ ಕ್ಷಣಮಾತ್ರದ ಶಿಖರ ಮೌಲ್ಯ. ನಿರಂತರವಾಗಿ ಕೊಡಬಲ್ಲದ್ದು ಅದರ ಅರ್ಧವೋ ಕಾಲುಭಾಗವೋ ಇರುತ್ತದೆ. ಇನ್ನು ವ್ಯಾಟ್ ಎರಡರಷ್ಟಾದರೆ ಧ್ವನಿಯ ಮಟ್ಟ ಏರುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಅದು ‘ಸ್ವಲ್ಪ ಜಾಸ್ತಿಯಾಯಿತು’ ಎನ್ನುವಷ್ಟು. ಎರಡರಷ್ಟು ಜೋರು ಎಂದು ಕಿವಿಗೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ವ್ಯಾಟ್ ಹತ್ತರಷ್ಟಾಗಬೇಕು.

ನಿಮ್ಮ ಸಭೆಗೆ ಎಷ್ಟು ಬೇಕು? ಸಾಧಾರಣವಾದ ಸ್ಪೀಕರ್ ಒಂದು ವ್ಯಾಟ್ ಪಡೆದು ಒಂದು ಮೀಟರ್ ದೂರದಲ್ಲಿ 92 ಡೆಸಿಬೆಲ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ತೆರೆದ ಜಾಗದಲ್ಲಿ ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. 1 ಮೀಟರಿನಿಂದ 2, 4, 8 ಮೀಟರಿಗೆ ಹೋಗುವಾಗ 18 ಕಳೆದು 74 ಉಳಿಯಿತು. ಅಂದರೆ ಬರೀ ಒಂದು ವ್ಯಾಟಿನಲ್ಲಿ ಎಂಟು ಮೀಟರ್ ದೂರದಲ್ಲಿ ಕುಳಿತವರಿಗೆ ಆಲಾಪನೆ ಹಿತವಾಗಿ ಕೇಳುವಷ್ಟಿದೆ. 10 ವ್ಯಾಟಿನಲ್ಲಿ 84, 100 ವ್ಯಾಟಿನಲ್ಲಿ 94. ಮೃದಂಗದ ಒಂದೊಂದು ಗಟ್ಟಿ ಪೆಟ್ಟು ಸರಾಸರಿಗಿಂತ ಬಹಳ ಮೇಲೆ ನೆಗೆಯುತ್ತದೆ, ಆ ನೆಗೆತಕ್ಕೆ ಜಾಗ ಬೇಕು ಎಂದರೂ ನಿಜವಾದ 100ರಿಂದ 200 ವ್ಯಾಟ್ ನಿಮ್ಮ 150 ಜನರ ಸಭೆಗೆ ಧಾರಾಳ. ಕೋಣೆಯೊಳಗೆ ಗೋಡೆಗಳು ಧ್ವನಿಯನ್ನು ಹಿಂದಿರುಗಿಸುವುದರಿಂದ ಇನ್ನೂ ಕಡಿಮೆ ಸಾಕು.

ಹಾಗಾದರೆ ಈಗಿನ ಪೆಟ್ಟಿಗೆಯಲ್ಲಿ ಧ್ವನಿ ಸಾಲುತ್ತಿಲ್ಲವೇಕೆ? ಶಕ್ತಿ ಇಲ್ಲದೆ ಅಲ್ಲ. ಇರುವ ಶಕ್ತಿಯನ್ನು ಬಳಸಲು ಶಿಳ್ಳೆ ಬಿಡುತ್ತಿಲ್ಲ.

ಶಿಳ್ಳೆಯ ಕಥೆ ಸರಳ. ಸ್ಪೀಕರಿನಿಂದ ಹೊರಟ ಧ್ವನಿ ಮತ್ತೆ ಮೈಕಿಗೆ ತಲುಪುತ್ತದೆ, ಮತ್ತೆ ದೊಡ್ಡದಾಗಿ ಸ್ಪೀಕರಿಗೆ ಬರುತ್ತದೆ. ಈ ಸುತ್ತಿನಲ್ಲಿ ಯಾವುದಾದರೂ ಒಂದು ಆವರ್ತನ ಕಳೆದುಕೊಳ್ಳುವುದಕ್ಕಿಂತ ಗಳಿಸುವುದೇ ಹೆಚ್ಚಾದರೆ ಅದು ತನ್ನಷ್ಟಕ್ಕೆ ಬೆಳೆದು ಕೂಗತೊಡಗುತ್ತದೆ. ಇದನ್ನು ತಡೆಯುವ ದೊಡ್ಡ ಉಪಾಯ ಯಾವ ಯಂತ್ರದಲ್ಲೂ ಇಲ್ಲ, ಮೈಕಿಗೂ ನಿಮ್ಮ ಬಾಯಿಗೂ ನಡುವಿನ ಅಂತರದಲ್ಲಿದೆ. 30 ಸೆಂಟಿಮೀಟರ್ ದೂರದಲ್ಲಿರುವ ಮೈಕನ್ನು 15ಕ್ಕೆ ತಂದರೆ ಮೈಕಿಗೆ ಸಿಗುವ ನಿಮ್ಮ ಕಂಠ 6 ಡೆಸಿಬೆಲ್ ಏರುತ್ತದೆ. ಸ್ಪೀಕರಿನಿಂದ ಮೈಕಿಗೆ ಬರುವ ಧ್ವನಿ ಮಾತ್ರ ಇದ್ದಷ್ಟೇ ಇರುತ್ತದೆ. 6 ಡೆಸಿಬೆಲ್ ಎಂದರೆ ವ್ಯಾಟಿನ ಲೆಕ್ಕದಲ್ಲಿ ನಾಲ್ಕರಷ್ಟು. ಅಂಗಡಿಯವರು 250 ವ್ಯಾಟಿನ ಬದಲು 1000 ವ್ಯಾಟ್ ಕೊಟ್ಟು ತಂದುಕೊಡುವ ಲಾಭವನ್ನು ಒಂದು ಗೇಣಿನಷ್ಟು ಕಬ್ಬಿಣದ ಕೊಂಬೆ ಬಾಗಿಸಿ ನೀವೇ ಪಡೆಯಬಹುದು. ಅದೂ ಶಿಳ್ಳೆಯ ಅಪಾಯ ಕಡಿಮೆ ಮಾಡಿಕೊಂಡು.

ಮೈಕ್ ಹತ್ತಿರ ಬಂದರೆ ಶಾಸ್ತ್ರೀಯ ಗಾಯನದ ಸಹಜತೆ ಹೋಗುತ್ತದೆ ಎಂದು ಹಿರಿಯ ಕಲಾವಿದರು ಹೇಳುವುದುಂಟು. ಆ ಮಾತಿನಲ್ಲಿ ಹುರುಳಿದೆ. ಒಂದು ಕಡೆಗೆ ಹೆಚ್ಚು ಕಿವಿಗೊಡುವ ಕಾರ್ಡಿಯಾಯ್ಡ್ ಬಗೆಯ ಮೈಕುಗಳೆಲ್ಲ ತೀರ ಹತ್ತಿರದಲ್ಲಿ ಕೆಳಸ್ವರಗಳನ್ನು ಉಬ್ಬಿಸುತ್ತವೆ. ತುಟಿಗೆ ತಾಗಿಸಿ ಹಾಡುವವರ ಕಂಠ ದಪ್ಪವಾಗಿ ಕೇಳುವುದು ಇದರಿಂದಲೇ. ತಲೆಯನ್ನು ಸ್ವಲ್ಪ ಆಡಿಸಿದರೂ ಏರಿಳಿತ ಎದ್ದು ಕಾಣುತ್ತದೆ, ಗಮಕದ ತೂಗಾಟದಲ್ಲಿ ಅದು ಬಹಳ ಬಾಧಿಸುತ್ತದೆ. ನನ್ನ ಅನುಭವದಲ್ಲಿ 12ರಿಂದ 20 ಸೆಂಟಿಮೀಟರ್ ಒಳ್ಳೆಯ ನಡುದಾರಿ. ಮೈಕನ್ನು ಬಾಯಿಯ ನೇರಕ್ಕಿಡದೆ ಗಲ್ಲದ ಮಟ್ಟದಲ್ಲಿ ಕೆಳಗಿನಿಂದ ಮೇಲಕ್ಕೆ ನೋಡುವಂತೆ ಇಟ್ಟರೆ ಉಸಿರಿನ ಪೆಟ್ಟೂ ತಪ್ಪುತ್ತದೆ, ಮುಖವೂ ಮರೆಯಾಗುವುದಿಲ್ಲ.

ಈಗ ಮಂದ್ರದ ಗುಂಯ್‌ಗುಡುವಿಕೆ. ನಿಮ್ಮದು ಐದು ಮನೆ, ಅಂದರೆ ಮಧ್ಯ ಷಡ್ಜ ಸುಮಾರು 196 ಹರ್ಟ್ಸ್. ಮಂದ್ರ ಪಂಚಮ ಸುಮಾರು 147. ನಿಮ್ಮ ಕಂಠ ಇದಕ್ಕಿಂತ ಬಹಳ ಕೆಳಗೆ ಹೋಗುವುದಿಲ್ಲ. ಆದರೆ ನಿಮ್ಮ ಮೈಕ್ ಅದಕ್ಕೂ ಕೆಳಗಿನದನ್ನೆಲ್ಲ ಹಿಡಿಯುತ್ತಿದೆ: ಪಕ್ಕದ ಮೃದಂಗದ ಎಡಗಡೆಯ ಗುಮ್ಮು, ಹಲಗೆ ವೇದಿಕೆಯ ಅದುರು, ತಾಳ ಹಾಕುವ ಕೈ ತೊಡೆಗೆ ತಾಗುವ ಸದ್ದು, ಫ್ಯಾನಿನ ಗಾಳಿ. ಸ್ಪೀಕರ್ ನೆಲದ ಮೇಲೆ, ಮೂಲೆಯಲ್ಲಿ ಇದ್ದರೆ ಗೋಡೆ ಮತ್ತು ನೆಲ ಸೇರಿ ಕೆಳಸ್ವರಗಳನ್ನು ಇನ್ನಷ್ಟು ಹಿಗ್ಗಿಸುತ್ತವೆ. ನೀವು ಪೆಟ್ಟಿಗೆಯನ್ನು ಎಲ್ಲಿ ಇಡುತ್ತೀರಿ ಎಂದು ಬರೆದಿಲ್ಲ. ಆದರೆ 18 ಕಿಲೋ ಪೆಟ್ಟಿಗೆಯನ್ನು ಬೆನ್ನುನೋವಿರುವವರು ಸ್ಟ್ಯಾಂಡಿನ ಮೇಲೆ ಎತ್ತಿ ಕೂರಿಸುವುದು ಅಪರೂಪ. ಅದು ನೆಲದಲ್ಲೇ, ಬಹುಶಃ ಗೋಡೆಗೆ ಒರಗಿಯೇ ಇರುತ್ತದೆ ಎಂದು ನನ್ನ ಊಹೆ.

ಎಲ್ಲ ಮೈಕುಗಳ ಧ್ವನಿಯನ್ನು ಬೆರೆಸಿ ಸ್ಪೀಕರಿಗೆ ಕಳಿಸುವ ಮಿಕ್ಸರಿನಲ್ಲಿ ಲೋ-ಕಟ್ ಅಥವಾ ಹೈ-ಪಾಸ್ ಎಂಬ ಗುಂಡಿ ಇರುತ್ತದೆ. ಹೆಚ್ಚಿನವುಗಳಲ್ಲಿ ಅದು 75ರಿಂದ 100 ಹರ್ಟ್ಸ್ ಕೆಳಗಿನದನ್ನು ಕತ್ತರಿಸುತ್ತದೆ. ಒಂದೊಂದು ಮೈಕಿಗೂ ಮಿಕ್ಸರಿನಲ್ಲಿರುವ ಬೇರೆ ಬೇರೆ ದಾರಿಯೇ ಚಾನೆಲ್. ನಿಮ್ಮ ಕಂಠದ ಚಾನೆಲ್ಲಿನಲ್ಲಿ, ಪಿಟೀಲಿನ ಚಾನೆಲ್ಲಿನಲ್ಲಿ ಅದನ್ನು ಯಾವಾಗಲೂ ಒತ್ತಿಡಿ. ನಿಮ್ಮ ಮಂದ್ರ ಪಂಚಮಕ್ಕೆ ಅದರಿಂದ ಚೂರೂ ಧಕ್ಕೆಯಿಲ್ಲ. ಒಂದು ಮನೆ ಶ್ರುತಿಯ ಗಾಯಕರಾದರೆ ಮಂದ್ರ ಪಂಚಮ 98 ಹರ್ಟ್ಸ್ ಆಸುಪಾಸಿಗೆ ಬರುತ್ತದೆ, ಅಲ್ಲಿ ಕತ್ತರಿಸುವಾಗ ಕಿವಿಗೊಟ್ಟು ನೋಡಬೇಕು. ನಿಮಗೆ ಆ ಚಿಂತೆ ಇಲ್ಲ.

ಮೈಕುಗಳ ಸಂಖ್ಯೆಯ ಬಗ್ಗೆಯೂ ಒಂದು ಮಾತು. ತೆರೆದಿರುವ ಮೈಕುಗಳು ಎರಡರಷ್ಟಾದಾಗಲೆಲ್ಲ ಶಿಳ್ಳೆಗೆ ಮುಂಚೆ ಸಿಗುವ ಅವಕಾಶದಲ್ಲಿ 3 ಡೆಸಿಬೆಲ್ ಹೋಗುತ್ತದೆ. ಒಂದು ಮೈಕಿನ ಬದಲು ನಾಲ್ಕು ಎಂದರೆ 6 ಡೆಸಿಬೆಲ್ ನಷ್ಟ. ಮೃದಂಗಕ್ಕೆ ಎರಡು ಮೈಕ್ ಇಡುವುದು ದೊಡ್ಡ ಸಭಾಂಗಣದ ಪದ್ಧತಿ, ಅಲ್ಲಿ ಅದು ಸರಿ. 60 ಜನರ ಕೋಣೆಯಲ್ಲಿ ಮೃದಂಗಕ್ಕೆ ಒಂದೂ ಬೇಡದಿರಬಹುದು. ಬೇಕೆನಿಸಿದರೆ ಒಂದನ್ನು ಬಲಮುಚ್ಚಿಗೆಯ ಕಡೆ ಇಟ್ಟು ಚಾಪು ಎಂಬ ಬಲಗೈ ಪೆಟ್ಟಿನ ಹೊಳಪು ಮಾತ್ರ ಸ್ವಲ್ಪ ಎತ್ತಿಕೊಳ್ಳಿ, ಎಡಗಡೆಯದು ತಾನಾಗಿಯೇ ಸಭೆಗೆ ತಲುಪುತ್ತದೆ. ಮೃದಂಗದವರು ಇದಕ್ಕೆ ಮುನಿಸಿಕೊಂಡರೆ ಅವರನ್ನೇ ಸಭೆಯ ಕೊನೆಯ ಸಾಲಿನಲ್ಲಿ ಕೂರಿಸಿ, ಬೇರೊಬ್ಬರಿಂದ ನುಡಿಸಿ ಕೇಳಿಸಿ. ನಾನು ಹಾಗೆ ಮಾಡಿದಾಗಲೆಲ್ಲ ಒಪ್ಪಿಕೊಂಡಿದ್ದಾರೆ.

ಮೈಕ್ ಯಾವುದು? ಕಂಠಕ್ಕೆ 1966ರಿಂದ ತಯಾರಾಗುತ್ತಿರುವ ಶ್ಯೂರ್ ಎಸ್‌ಎಂ58ನಂಥ ಡೈನಮಿಕ್ ಮೈಕ್ ಇಂದಿಗೂ ನಂಬಿಕೆಗೆ ಅರ್ಹ. ಅದರ ಧ್ವನಿ ಅತಿ ಸೂಕ್ಷ್ಮವಲ್ಲ, ಆದರೆ ಎಲ್ಲ ಜಾಗದಲ್ಲೂ ಒಂದೇ ತರಹ ವರ್ತಿಸುತ್ತದೆ. ಕಂಡೆನ್ಸರ್ ಮೈಕ್ ಕಂಠದ ಉಸಿರು, ಬಿಲ್ಲಿನ ತಿರುವು ಎಲ್ಲವನ್ನೂ ಚೆಂದವಾಗಿ ಹಿಡಿಯುತ್ತದೆ. ಅದಕ್ಕೆ ಮಿಕ್ಸರಿನಿಂದ ಮೈಕಿನ ಕೇಬಲಿನಲ್ಲೇ ಹರಿದುಬರುವ 48 ವೋಲ್ಟ್ ವಿದ್ಯುತ್, ಅಂದರೆ ಫ್ಯಾಂಟಮ್ ಪವರ್ ಬೇಕು. ಆದರೆ ಅದನ್ನು ದೂರದಲ್ಲಿಡುವ ಆಸೆ ಹುಟ್ಟುತ್ತದೆ, ದೂರ ಇಟ್ಟರೆ ಅಕ್ಕಪಕ್ಕದ್ದೆಲ್ಲ ಒಳಗೆ ಬರುತ್ತದೆ. ಪಿಟೀಲಿಗೆ ನಾನು ಸೂಚಿಸುವುದು ವಾದ್ಯಕ್ಕೇ ಕಚ್ಚಿಕೊಳ್ಳುವ ಪುಟ್ಟ ಕಂಡೆನ್ಸರ್ ಕ್ಲಿಪ್ ಮೈಕ್. ತಂತಿಗಳನ್ನು ಎತ್ತಿಹಿಡಿಯುವ ಕುದುರೆಗೆ ಅಂಟಿಸಿ ಅದರ ಕಂಪನವನ್ನೇ ಹಿಡಿಯುವ ಪಿಕಪ್ ಶಿಳ್ಳೆಗೆ ಜಗ್ಗುವುದಿಲ್ಲ, ಆದರೆ ನಾದ ಮೂಗಿನಿಂದ ಬಂದಂತೆ ತೆಳ್ಳಗಾಗುತ್ತದೆ. ಪಿಕಪ್ಪೇ ಬಳಸಬೇಕಾದರೆ ಅದನ್ನು ಸಾಧಾರಣ ಲೈನ್ ಇನ್‌ಪುಟ್ಟಿಗೆ ಚುಚ್ಚಬೇಡಿ. ಒಂದು ಮೆಗಾ ಓಮ್ ಅಥವಾ ಹೆಚ್ಚಿನ ಇನ್‌ಪುಟ್ ಪ್ರತಿರೋಧ ಇರುವ ಪ್ರೀಆಂಪಿಗೆ (ಕ್ಷೀಣ ಸಂಕೇತವನ್ನು ಮೊದಲು ಹಿಗ್ಗಿಸುವ ಪುಟ್ಟ ಉಪಕರಣಕ್ಕೆ) ಕೊಟ್ಟರೆ ಮಾತ್ರ ಅದರ ಕೆಳಸ್ವರಗಳು ಉಳಿಯುತ್ತವೆ.

ಇನ್ನು ನಿಮ್ಮ ಸ್ನೇಹಿತರು ಹೇಳಿದ ಕಾಲಂ ಸ್ಪೀಕರ್. 2003ರಲ್ಲಿ ಬೋಸ್ ಸಂಸ್ಥೆಯ ಎಲ್1 ಬಂದ ಮೇಲೆ ಈ ಬಗೆಯವು ಎಲ್ಲೆಡೆ ಹರಡಿದವು. ಸಣ್ಣ ಸಣ್ಣ ಸ್ಪೀಕರುಗಳನ್ನು ಒಂದರ ಮೇಲೊಂದು ಪೋಣಿಸಿದ ಕಂಬ, ಬುಡದಲ್ಲಿ ಕೆಳಸ್ವರಗಳಿಗೆ ಒಂದು ಪೆಟ್ಟಿಗೆ. ಧ್ವನಿ ಅಡ್ಡಕ್ಕೆ ಬಹಳ ಅಗಲವಾಗಿ, ಉದ್ದಕ್ಕೆ ಕಿರಿದಾಗಿ ಹರಡುತ್ತದೆ. ಚಾವಣಿಗೂ ನೆಲಕ್ಕೂ ಬಡಿದು ವ್ಯರ್ಥವಾಗುವುದು ಕಡಿಮೆ. ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ವ್ಯತ್ಯಾಸ ಕಡಿಮೆ. ಪ್ರತಿಧ್ವನಿಸುವ ಕೋಣೆಗಳಲ್ಲಿ ಸಾಹಿತ್ಯ ಸ್ಪಷ್ಟವಾಗಿ ಕೇಳುತ್ತದೆ. ಇದೆಲ್ಲ ನಿಜ, ಈ ಬಗೆಯ ಸ್ಪೀಕರ್ ನನಗೆ ಇಷ್ಟವೂ ಹೌದು.

ಬೆನ್ನ ಹಿಂದೆ ಇಟ್ಟರೆ ಶಿಳ್ಳೆ ಇಲ್ಲ ಎಂಬುದು ಮಾತ್ರ ನಮ್ಮ ಸಂಗೀತಕ್ಕೆ ಹೊಂದುವುದಿಲ್ಲ. ಮೈಕನ್ನು ತುಟಿಗೆ 5 ಸೆಂಟಿಮೀಟರಿನಲ್ಲಿ ಹಿಡಿದು ಹಾಡುವ ಗಾಯಕರ ಹಿಂದೆ ಅದನ್ನು ಇಟ್ಟರೆ ನಡೆದೀತು. ನೀವು 20 ಸೆಂಟಿಮೀಟರಿನಲ್ಲಿ ಹಾಡುತ್ತೀರಿ. ಇಷ್ಟರಲ್ಲೇ 12 ಡೆಸಿಬೆಲ್ ಅವಕಾಶ ಕಳೆದುಹೋಯಿತು. ಹಿಂದಿರುವ ಕಂಬ ನೇರವಾಗಿ ನಿಮ್ಮ ಮೈಕಿನ ಬಾಯಿಗೇ ಧ್ವನಿ ಸುರಿಯುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಕಂಬ ಧ್ವನಿಯನ್ನು ಹಿಡಿತದಲ್ಲಿಡುವುದು ತನ್ನ ಉದ್ದಕ್ಕಿಂತ ಕಿರಿದಾದ ಅಲೆಗಳನ್ನು ಮಾತ್ರ. ಒಂದು ಮೀಟರಿನ ಕಂಬಕ್ಕೆ ಸುಮಾರು 340 ಹರ್ಟ್ಸ್‌ಗಿಂತ ಕೆಳಗೆ ಹಿಡಿತವಿಲ್ಲ. 100 ಹರ್ಟ್ಸಿನ ಅಲೆ 3.4 ಮೀಟರ್ ಉದ್ದ, ಅದು ತನಗೆ ಬೇಕಾದ ಕಡೆಗೆಲ್ಲ ಹೋಗುತ್ತದೆ. ನಿಮ್ಮನ್ನು ಕಾಡುತ್ತಿರುವುದು ಆ ಕೆಳಗಿನ ಭಾಗವೇ. ವೇದಿಕೆಯ ಹಿಂದೆ ಇಟ್ಟ ಬುಡದ ಪೆಟ್ಟಿಗೆಯ ಗುಮ್ಮು ಹಲಗೆಯ ಮೂಲಕ ಮೈಕ್ ಸ್ಟ್ಯಾಂಡಿಗೆ ಏರಿ ಬಂದು ಇಡೀ ಕಛೇರಿ ಕೆಟ್ಟದ್ದನ್ನು ನಾನು ಕಂಡಿದ್ದೇನೆ. ಅಂದು ಹಾಡುತ್ತಿದ್ದ ಹಿರಿಯರು ಮೂರನೆಯ ಕೃತಿಯ ಹೊತ್ತಿಗೆ ಎಲ್ಲವನ್ನೂ ಆರಿಸಲು ಹೇಳಿ ಬರೀ ಕಂಠದಲ್ಲಿ ಹಾಡಿದರು. ಸಭೆ ಉಸಿರು ಬಿಗಿಹಿಡಿದು ಕೇಳಿತು. ನಾವು ಸ್ಪೀಕರ್ ಮೂಲಕ ತಲುಪಬೇಕಾದ ನಾದ ಅದು ಎಂದು ಆ ದಿನ ನನಗೆ ಮನದಟ್ಟಾಯಿತು.

ಕಾಲಂ ಕೊಂಡರೂ ಅದನ್ನು ವೇದಿಕೆಯ ಪಕ್ಕಕ್ಕೆ, ಮೈಕುಗಳ ಸಾಲಿಗಿಂತ ಒಂದು ಹೆಜ್ಜೆಯಾದರೂ ಮುಂದಕ್ಕೆ ಇಡಿ. ಮಾನಿಟರ್ ಬೇಕೇ ಬೇಕು.

ಹಗುರವಾದದ್ದು ಕಳಪೆ ಎಂಬ ಹಳೆಯ ನಂಬಿಕೆಯನ್ನೂ ಇಲ್ಲೇ ಬಿಡಿಸಿಬಿಡೋಣ. ಹಿಂದೆ ಆಂಪ್ಲಿಫೈಯರಿನಲ್ಲಿ ಕಬ್ಬಿಣದ ದೊಡ್ಡ ಟ್ರಾನ್ಸ್‌ಫಾರ್ಮರ್, ಬಿಸಿ ಹೊರಹಾಕಲು ಅಲ್ಯೂಮಿನಿಯಂ ರೆಕ್ಕೆಗಳು, ಸ್ಪೀಕರಿನಲ್ಲಿ ಫೆರೈಟ್ ಅಯಸ್ಕಾಂತ, ಸುತ್ತ ದಪ್ಪ ಹಲಗೆ ಇರುತ್ತಿದ್ದವು. ಈಗ ಡಿ-ಕ್ಲಾಸ್ ಆಂಪ್ಲಿಫೈಯರ್ ಪಡೆದ ವಿದ್ಯುತ್ತಿನ ಬಹುಭಾಗವನ್ನು ಧ್ವನಿಗೇ ಕೊಡುತ್ತದೆ, ಬಿಸಿಯಾಗುವುದು ಕಡಿಮೆ. ಟ್ರಾನ್ಸ್‌ಫಾರ್ಮರ್ ಜಾಗದಲ್ಲಿ ಸ್ವಿಚಿಂಗ್ ಪವರ್ ಸಪ್ಲೈ, ಫೆರೈಟ್ ಜಾಗದಲ್ಲಿ ನಿಯೋಡಿಮಿಯಂ ಬಂದಿವೆ. ಇವುಗಳಿಂದ ಇಳಿದ ತೂಕ ನಾದವನ್ನು ಕೆಡಿಸುವುದಿಲ್ಲ. ಎಲ್ಲಿ ಕೆಡುತ್ತದೆಂದರೆ, ಪೆಟ್ಟಿಗೆಯ ಪ್ಲಾಸ್ಟಿಕ್ ತೀರ ತೆಳುವಾಗಿ ಮೃದಂಗದ ಹೊಡೆತಕ್ಕೆ ಅದೂ ಕಂಪಿಸತೊಡಗಿದಾಗ. ಮತ್ತೆ ಪುಟ್ಟ ಪೆಟ್ಟಿಗೆಯಿಂದ ಬಲವಂತವಾಗಿ ದೊಡ್ಡ ಬೇಸ್ ಹೊರಡಿಸಲು ತಯಾರಕರು ಹೊರಟಾಗ. ಸಣ್ಣ ಪೆಟ್ಟಿಗೆ, ಆಳವಾದ ಕೆಳಸ್ವರ, ಹೆಚ್ಚು ಜೋರು, ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದು. ಪುಣ್ಯಕ್ಕೆ ನಮ್ಮ ಸಂಗೀತಕ್ಕೆ 80 ಹರ್ಟ್ಸಿನ ಕೆಳಗೆ ಹೆಚ್ಚೇನೂ ಬೇಕಾಗಿಲ್ಲ.

ಬೇಕಾದದ್ದು ಮೇಲಿನ ತುದಿ. ಸಿ. ವಿ. ರಾಮನ್ 1920ರ ಹೊತ್ತಿಗೆ ಮೃದಂಗ ತಬಲಾಗಳನ್ನು ಅಭ್ಯಸಿಸಿ, ಮುಚ್ಚಿಗೆಯ ಮೇಲಿನ ಕಪ್ಪು ಲೇಪದಿಂದಾಗಿ, ಅಂದರೆ ಕರಣೆಯಿಂದಾಗಿ, ಅವುಗಳ ಮೇಲಿನ ಸ್ವರಗಳು ಮೂಲಸ್ವರದೊಂದಿಗೆ ತಂತಿವಾದ್ಯದಂತೆ ಹೊಂದಿಕೊಳ್ಳುತ್ತವೆ ಎಂದು ತೋರಿಸಿದರು. ಬೇರೆ ಬಗೆಯ ಚರ್ಮವಾದ್ಯಗಳಿಗೆ ಸಾಮಾನ್ಯವಾಗಿ ಇಲ್ಲದ ಗುಣ ಅದು. ತಂಬೂರಿಯ ಜೀವಾಳದಿಂದ ಹೊಮ್ಮುವ ಝೇಂಕಾರವೂ ಮೇಲಿನ ಸ್ವರಗಳದ್ದೇ ಸಂಪತ್ತು. ಮೇಲಿನ ಸ್ವರಗಳನ್ನು ಹೊರಡಿಸುವ ಪುಟ್ಟ ಸ್ಪೀಕರಾದ ಟ್ವೀಟರ್ ಅಗ್ಗದ್ದಾಗಿದ್ದು ಅದರ ಮೂಲಕ ಕೇಳಿದರೆ ತಂಬೂರಿ ಜೇನ್ನೊಣದ ಗುಂಗಿನಂತಾಗುತ್ತದೆ, ಮೃದಂಗದ ‘ದಿಂ’ ಯಾವ ಶ್ರುತಿಯದೋ ತಿಳಿಯುವುದಿಲ್ಲ. ಸ್ಪೀಕರಿನ ಇಂಚು ಎಣಿಸುವ ಬದಲು ಇದನ್ನು ಪರೀಕ್ಷಿಸಿ.

ಹಾಗಾದರೆ ಕೊಳ್ಳುವುದೇನು? ನಿಮಗೆ ಮೂರು ದಾರಿಗಳಿವೆ.

ತೀರ ಹಗುರವಾದದ್ದು ಒಂದೇ ಪೆಟ್ಟಿಗೆಯ ಅಕೌಸ್ಟಿಕ್ ಆಂಪ್, ಅಥವಾ ಬ್ಯಾಟರಿ ಸೇರಿದ ಸಣ್ಣ ಸ್ಪೀಕರ್. ತೂಕ 6ರಿಂದ 8 ಕಿಲೋ. ಎಇಆರ್ ಕಾಂಪ್ಯಾಕ್ಟ್ 60 ಎಂಬುದು 60 ವ್ಯಾಟಿನದು, 6.5 ಕಿಲೋ ತೂಗುತ್ತದೆ. ಅದರ ನಾದದ ಶುದ್ಧತೆಗೆ ನಾನು ಸಾಕ್ಷಿ. 40ರಿಂದ 60 ಜನರ ಕೋಣೆಗೆ ಇಂಥದ್ದು ಸಾಕು. ಆದರೆ ಇವುಗಳಲ್ಲಿ ಸಾಮಾನ್ಯವಾಗಿ ಎರಡೇ ಚಾನೆಲ್. ನಿಮಗೆ ಕಂಠ, ಪಿಟೀಲು, ಮೃದಂಗ, ಶ್ರುತಿ ಎಂದು ನಾಲ್ಕು ಬೇಕು. 150 ಜನರೆದುರು ತೆರೆದ ಅಂಗಳದಲ್ಲಿ ಅದನ್ನು ಕಿರುಚಿಸಬೇಕಾಗುತ್ತದೆ. ಕಿರುಚುವ ಸಣ್ಣ ಸ್ಪೀಕರಿನಷ್ಟು ಕಿವಿಗೆ ಆಯಾಸ ತರುವುದು ಇನ್ನೊಂದಿಲ್ಲ.

ಎರಡನೆಯದು ಕಾಲಂ. ಒಟ್ಟು 12ರಿಂದ 20 ಕಿಲೋ, ಎರಡು ಮೂರು ತುಂಡುಗಳಾಗಿ ಬಿಡಿಸಬಹುದು. ನೂರಿನಾಚೆಗೂ ಜನರನ್ನು ಆರಾಮವಾಗಿ ತಲುಪುತ್ತದೆ. ಅಪಾಯಗಳು: ತೂಕದ ಬಹುಪಾಲು ಬುಡದ ಪೆಟ್ಟಿಗೆಯಲ್ಲೇ ಇರುತ್ತದೆ, ನಿಮ್ಮ ಬೆನ್ನಿಗೆ ತಾಗುವುದು ಅದೇ. ಬುಡದ ಬೇಸ್ ಬೇರೆಯಾಗಿ ತಗ್ಗಿಸಲು ಕೆಲವು ಮಾದರಿಗಳಲ್ಲಿ ಅವಕಾಶವಿಲ್ಲ. ಒಂದು ಕೀಲು ಕೆಟ್ಟರೆ ಇಡೀ ವ್ಯವಸ್ಥೆಯೇ ಮೂಕವಾಗುತ್ತದೆ.

ಮೂರನೆಯದು, ನಾನು ನಿಮಗೆ ಹೇಳುವುದು: 8 ಇಂಚಿನ, ಆಂಪ್ಲಿಫೈಯರ್ ಒಳಗೇ ಇರುವ ಎರಡು ಸಣ್ಣ ಸ್ಪೀಕರ್, ಜೊತೆಗೆ ಆರರಿಂದ ಎಂಟು ಚಾನೆಲ್ಲಿನ ಒಂದು ಸಣ್ಣ ಮಿಕ್ಸರ್. ಸ್ಪೀಕರ್ ಒಂದೊಂದು 7ರಿಂದ 9 ಕಿಲೋ. ಎರಡು ಕೊಳ್ಳುವುದು ಎಡ ಬಲಕ್ಕೆ ಇಡಲು ಅಲ್ಲ. ಒಂದು ಸಭೆಯ ಕಡೆಗೆ, ಇನ್ನೊಂದು ನಿಮ್ಮ ಕಡೆಗೆ, ಮಾನಿಟರಾಗಿ. 80, 100 ಜನರಿಗೆ ಸಭೆಯ ಕಡೆ ಒಂದೇ ಸ್ಪೀಕರ್ ಸಾಕು. ಎರಡು ಸ್ಪೀಕರುಗಳಿಂದ ಒಂದೇ ಧ್ವನಿ ಬೇರೆ ಬೇರೆ ಹೊತ್ತಿಗೆ ಕಿವಿ ತಲುಪಿ ಕೆಲವು ಆವರ್ತನಗಳು ಒಂದನ್ನೊಂದು ಅಳಿಸಿಹಾಕುವ ತೊಂದರೆಯೂ ಇರುವುದಿಲ್ಲ. ಜನ ಹೆಚ್ಚಿದ್ದರೆ, ಅಂಗಳ ದೊಡ್ಡದಿದ್ದರೆ ಎರಡನ್ನೂ ಸಭೆಗೆ ತಿರುಗಿಸಿ ಮಾನಿಟರಿಗೆ ಬೇರೊಂದನ್ನು ಅಲ್ಲಿಯೇ ಬಾಡಿಗೆಗೆ ಪಡೆಯಿರಿ. ಒಂದು ಕೆಟ್ಟರೆ ಇನ್ನೊಂದರಲ್ಲಿ ಕಛೇರಿ ಮುಗಿಯುತ್ತದೆ. ಕಲಾವಿದರ ಸ್ವಂತ ವ್ಯವಸ್ಥೆಗೆ ಇದಕ್ಕಿಂತ ದೊಡ್ಡ ನೆಮ್ಮದಿ ನನಗೆ ತಿಳಿದಿಲ್ಲ.

ತೂಕದ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಸ್ಪೀಕರ್ ಎರಡು ಸೇರಿ 16, ಮಿಕ್ಸರ್ 3, ಸ್ಪೀಕರ್ ಸ್ಟ್ಯಾಂಡ್ 3, ಗಿಡ್ಡ ಮೈಕ್ ಸ್ಟ್ಯಾಂಡ್ ಮೂರು ಸೇರಿ 5, ಕೇಬಲ್, ಮೈಕ್, ಎಕ್ಸ್‌ಟೆನ್ಷನ್ ಬೋರ್ಡ್ ಎಲ್ಲ ಸೇರಿ 4. ಒಟ್ಟು 31 ಕಿಲೋ ಆಯಿತು. ಜಾಹೀರಾತಿನಲ್ಲಿ ‘ಬರೀ 8 ಕಿಲೋ’ ಎನ್ನುವಾಗ ಸ್ಟ್ಯಾಂಡಿನ, ಕೇಬಲಿನ ತೂಕ ಯಾರೂ ಹೇಳುವುದಿಲ್ಲ. ಮೂವರ ತಂಡಕ್ಕೆ, 150 ಜನರ ಸಭೆಗೆ, ಒಟ್ಟು 12 ಕಿಲೋದಲ್ಲಿ ಒಳ್ಳೆಯ ವ್ಯವಸ್ಥೆ ಇಲ್ಲ. ಇದೆ ಎಂದು ಹೇಳಿದವರನ್ನು ನಂಬಬೇಡಿ. ಆದರೆ ಬೆನ್ನು ಲೆಕ್ಕ ಹಾಕುವುದು ಒಟ್ಟು ತೂಕವನ್ನಲ್ಲ, ಒಮ್ಮೆಗೆ ಎತ್ತುವ ತೂಕವನ್ನು. ಈ ವ್ಯವಸ್ಥೆಯಲ್ಲಿ ಯಾವ ಚೀಲವೂ 10 ಕಿಲೋ ಮೀರುವುದಿಲ್ಲ. ಮೂವರಿದ್ದೀರಿ, ತಲಾ ಒಂದು ಚೀಲ, ಉಳಿದದ್ದು ಗಾಲಿಯ ಮೇಲೆ. ನಿಮ್ಮ ಈಗಿನ ಪೆಟ್ಟಿಗೆ 18 ಕಿಲೋ ಒಂದೇ ಗಂಟು, ಅದನ್ನು ಹಂಚಿಕೊಳ್ಳಲು ಬರುವುದಿಲ್ಲ.

ಬ್ಯಾಟರಿ ಇದ್ದರೆ ಅಂಗಳದಲ್ಲಿ ಅನುಕೂಲ, ವಿದ್ಯುತ್ ಹೋದರೂ ಆಲಾಪನೆ ನಿಲ್ಲುವುದಿಲ್ಲ, ಗೋಡೆಯ ಪ್ಲಗ್ಗಿನಿಂದ ಬರುವ ಗುಯ್ಯೆಂಬ ಸದ್ದೂ ಇರುವುದಿಲ್ಲ. ಹೇಳಿದಷ್ಟು ಗಂಟೆ ಬರುವುದು ಮಿತವಾದ ಧ್ವನಿಯಲ್ಲಿ ಮಾತ್ರ, ಅರ್ಧಕ್ಕೆ ಎಣಿಸಿಕೊಳ್ಳಿ. ವಿಮಾನದಲ್ಲಿ ಹೋಗುವುದಿದ್ದರೆ ಬಿಡಿ ಲಿಥಿಯಂ ಬ್ಯಾಟರಿಯನ್ನು ಕೈಚೀಲದಲ್ಲೇ ಒಯ್ಯಬೇಕು. 100 ವ್ಯಾಟ್-ಅವರ್ ಮೀರಿದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, 160 ಮೀರಿದ್ದನ್ನು ಪ್ರಯಾಣಿಕರು ಒಯ್ಯುವಂತಿಲ್ಲ.

ಬ್ಲೂಟೂತ್ ಮೂಲಕ ಬರುವ ಧ್ವನಿ ಸಾಮಾನ್ಯವಾಗಿ ಒಂದು ಸೆಕೆಂಡಿನ ಹತ್ತನೆಯ ಭಾಗಕ್ಕಿಂತ ಹೆಚ್ಚು ತಡವಾಗುತ್ತದೆ. ಕಂಠಕ್ಕೆ, ವಾದ್ಯಕ್ಕೆ ಅದು ಸಲ್ಲದು. ಶ್ರುತಿಗೆ ಮಾತ್ರ ಧಾರಾಳವಾಗಿ ಬಳಸಿ, ತಂಬೂರಿಗೆ ತಾಳದ ಹಂಗಿಲ್ಲ, ತಡವಾದರೂ ಯಾರಿಗೂ ತಿಳಿಯುವುದಿಲ್ಲ. ಮೊಬೈಲನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ ಬ್ಲೂಟೂತ್ ಮಾತ್ರ ತೆರೆದಿಡಿ. ಇಲ್ಲವಾದರೆ ಪಲ್ಲವಿಯ ನಡುವೆ ಕರೆಗಂಟೆ ಇಡೀ ಸಭೆಗೆ ಕೇಳುತ್ತದೆ.

ಶಿಳ್ಳೆಯನ್ನು ತಾನೇ ಹುಡುಕಿ ಅಳಿಸುವ ಸ್ವಯಂಚಾಲಿತ ಗುಂಡಿ ಹಲವು ಹೊಸ ಮಿಕ್ಸರುಗಳಲ್ಲಿದೆ. ದಯವಿಟ್ಟು ಕಛೇರಿಯ ವೇಳೆ ಅದನ್ನು ಆರಿಸಿ. ಅಲುಗದೆ ನಿಂತ ಒಂದೇ ಸ್ವರವನ್ನು ಅದು ಶಿಳ್ಳೆ ಎಂದು ಗುರುತಿಸುತ್ತದೆ. ನೀವು ತಾರ ಷಡ್ಜದಲ್ಲಿ ನಿಂತು ಕಾರ್ವೆ ಕೊಟ್ಟಾಗ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ನೀವು ಎಷ್ಟು ಶುದ್ಧವಾಗಿ ನಿಲ್ಲುತ್ತೀರೋ ಅಷ್ಟು ಬೇಗ ನಿಮ್ಮ ಸ್ವರವನ್ನೇ ಕತ್ತರಿಸುತ್ತದೆ. ಸದ್ದಿಲ್ಲದ ಮೈಕನ್ನು ಮುಚ್ಚುವ ಗೇಟ್, ಆಟೋ ಮಿಕ್ಸ್ ಮುಂತಾದವೂ ಹಾಗೆಯೇ, ಕ್ಷೀಣವಾಗಿ ಕರಗುವ ನಾದದ ಬಾಲವನ್ನು ತುಂಡರಿಸುತ್ತವೆ. ಇವೆಲ್ಲ ಭಾಷಣಕ್ಕೆ ಮಾಡಿದವು.

ಗುಯ್ಯೆಂಬ ಸದ್ದು ಹೋಗಲೆಂದು ಪ್ಲಗ್ಗಿನ ಅರ್ಥಿಂಗ್ ಕಡ್ಡಿಯನ್ನು ಮುರಿಯುವವರಿದ್ದಾರೆ. ಇದನ್ನು ಯಾರಿಗೂ, ಯಾವ ಕಾರಣಕ್ಕೂ ಮಾಡಲು ಬಿಡಬೇಡಿ. ಉಪಕರಣದಲ್ಲಿ ದೋಷವಾದರೆ ವಿದ್ಯುತ್ ಹರಿಯುವುದು ನಿಮ್ಮ ತುಟಿಯ ಬಳಿಯ ಲೋಹದ ಜಾಲರಿಗೆ. ಮಿಕ್ಸರ್, ಸ್ಪೀಕರ್, ಎಲೆಕ್ಟ್ರಾನಿಕ್ ತಂಬೂರಿ ಎಲ್ಲವನ್ನೂ ಒಂದೇ ಪ್ಲಗ್ಗಿನಿಂದ ಹೊರಟ ಒಂದೇ ಬೋರ್ಡಿಗೆ ಸೇರಿಸಿ, ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ ಬಳಸಿ. ಹೆಚ್ಚಿನ ಸಲ ಸದ್ದು ಅಷ್ಟಕ್ಕೇ ಹೋಗುತ್ತದೆ.

ಅಂಗಡಿಗೆ ಹೋಗುವಾಗ ಪಿಟೀಲಿನವರನ್ನೂ ನಿಮ್ಮ ಮೈಕನ್ನೂ ಕರೆದೊಯ್ಯಿರಿ. ಅಲ್ಲಿ ಅವರು ಹಾಕುವ ಚಿತ್ರಗೀತೆಯಿಂದ ನಿಮಗೆ ಏನೂ ತಿಳಿಯುವುದಿಲ್ಲ. ಮೊದಲು ಏನನ್ನೂ ನುಡಿಸದೆ ಧ್ವನಿ ಏರಿಸಿ, ಸ್ಸ್ ಎಂಬ ಸದ್ದು, ಒಳಗಿನ ಫ್ಯಾನಿನ ಸದ್ದು ಕೇಳಿ. ಆರಂಭದ ನಿಶ್ಶಬ್ದದಲ್ಲಿ ಅದು ನಿಮ್ಮನ್ನು ಕಾಡುತ್ತದೆ. ಆಮೇಲೆ ತಂಬೂರಿ ಹಾಕಿ ಮಂದ್ರ ಪಂಚಮದಿಂದ ತಾರ ಪಂಚಮದವರೆಗೆ ನಿಧಾನವಾಗಿ ಹಾಡಿ. ಯಾವುದೋ ಒಂದು ಸ್ವರ ಮಾತ್ರ ಉಬ್ಬಿ ಬಂದರೆ ಆ ಸ್ಪೀಕರ್ ಬೇಡ. ಪಕ್ಕಕ್ಕೆ ಸರಿದು ಓರೆಯಾಗಿ ನಿಂತು ಕೇಳಿ, ಸಭೆಯಲ್ಲಿ ಎಷ್ಟೋ ಮಂದಿ ಕೂರುವುದು ಹಾಗೆಯೇ. ‘ಡಿಜೆ’, ‘ಬೂಸ್ಟ್’ ಎಂಬ ಗುಂಡಿಗಳೆಲ್ಲ ಆರಿರಲಿ.

ಪಿಟೀಲಿನವರ ದೂರಿಗೆ ಬರುತ್ತೇನೆ, ಏಕೆಂದರೆ ಪಕ್ಕವಾದ್ಯದವರಿಗೆ ಕೇಳದಿದ್ದರೆ ಸಭೆಗೆ ಎಷ್ಟು ಚೆನ್ನಾಗಿ ಕೇಳಿದರೂ ಕಛೇರಿ ಕೂಡಿಬರುವುದಿಲ್ಲ. ಮಾನಿಟರಿಗೆ ಎಲ್ಲವನ್ನೂ ಸುರಿಯಬೇಡಿ. ನಿಮ್ಮ ಕಂಠ, ಪಿಟೀಲು, ಸ್ವಲ್ಪ ಶ್ರುತಿ, ಇಷ್ಟೇ. ಮೃದಂಗ ಅಲ್ಲಿಗೆ ಬೇಡವೇ ಬೇಡ. ಅದನ್ನು ಇಡುವ ಜಾಗ ಮೈಕಿನ ಬಗೆಯನ್ನು ಅವಲಂಬಿಸುತ್ತದೆ. ಕಾರ್ಡಿಯಾಯ್ಡ್ ಮೈಕಿನ ಕಿವುಡು ಜಾಗ ನೇರ ಬೆನ್ನ ಹಿಂದೆ, ಇನ್ನೂ ಕಿರಿದಾದ ಕಡೆಗೆ ಕಿವಿಗೊಡುವ ಸೂಪರ್‌ಕಾರ್ಡಿಯಾಯ್ಡ್‌ಗೆ ಸುಮಾರು 126 ಡಿಗ್ರಿ ಓರೆಯಲ್ಲಿ, ಅಂದರೆ ಹಿಂದಿನ ಎಡ ಬಲ ಮೂಲೆಗಳಲ್ಲಿ. ಮಾನಿಟರ್ ಆ ಕಿವುಡು ಜಾಗದಲ್ಲೇ ಇರಲಿ. ನೀವು ನೆಲದಲ್ಲಿ ಕೂರುವವರಾದ್ದರಿಂದ ಅದರ ಮುಖವನ್ನು ಕಿವಿಯ ಎತ್ತರಕ್ಕೆ ಓರೆಯಾಗಿಸಿ. ಮೊಣಕಾಲಿಗೆ ಎಷ್ಟು ಕೇಳಿಸಿದರೂ ಪ್ರಯೋಜನವಿಲ್ಲ.

ಏನನ್ನಾದರೂ ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಮುಂದಿನ ಅಭ್ಯಾಸದ ದಿನ ಗಟ್ಟಿಮುಟ್ಟಾದ ಇಬ್ಬರ ಸಹಾಯದಿಂದ ಹಳೆಯ ಪೆಟ್ಟಿಗೆಯನ್ನು ಸ್ಟ್ಯಾಂಡಿನ ಮೇಲೇರಿಸಿ. ಮೂಲೆಯಿಂದ ಒಂದೂವರೆ ಮೀಟರ್ ಈಚೆಗೆ, ಮೈಕುಗಳಿಗಿಂತ ಮುಂದಕ್ಕೆ, ಕುಳಿತವರ ತಲೆಗಿಂತ ತುಸು ಮೇಲೆ ಇರಲಿ. ಲೋ-ಕಟ್ ಒತ್ತಿ, ಮೈಕನ್ನು 15 ಸೆಂಟಿಮೀಟರಿಗೆ ತನ್ನಿ, ಮೃದಂಗದ ಮೈಕ್ ಮುಚ್ಚಿ, ಮಂದ್ರದಲ್ಲಿ ಹಾಡಿ. ಗುಂಯ್‌ಗುಡುವಿಕೆ ಮುಕ್ಕಾಲು ಪಾಲು ಹೋದರೆ ನಿಮಗೆ ಉಳಿದಿರುವುದು ಬೆನ್ನಿನ ತೊಂದರೆ ಮಾತ್ರ, ಆಗ ಹಗುರ ಸ್ಪೀಕರನ್ನು ನಿಶ್ಚಿಂತೆಯಿಂದ ಆರಿಸಬಹುದು. ಹೋಗದಿದ್ದರೆ ನನಗೆ ಮತ್ತೆ ಬರೆಯಿರಿ. ಕೋಣೆಯ ಉದ್ದ ಅಗಲ, ಚಾವಣಿ ಎಂಥದ್ದು, ಯಾವ ಸ್ವರದಲ್ಲಿ ಉಬ್ಬುತ್ತದೆ, ಈ ಮೂರನ್ನು ತಿಳಿಸಿ.